ಒಣಸೌದೆಯ ಸ್ವಾಮ್ಯವಿಚಾರ

ದಾರಿಯ ಬದಿಯಲ್ಲಿ ಉದುರಿದ ಪುರಳೆಯನ್ನೂ ಗಾಳಿಗೆ ಮುರಿದುಬಿದ್ದ ಕೊಂಬೆಗಳನ್ನೂ ಆಯ್ದು ತಂದು ಒಲೆ ಹಚ್ಚುವವರ ವಿಷಯವು ಇತಿಹಾಸಲೇಖನಕ್ಕೆ ತಕ್ಕ ವಸ್ತುವೇ ಎಂದು ಕೆಲವರಿಗೆ ಸಂಶಯವುಂಟಾಗಬಹುದು. ಆದರೆ ನಮ್ಮ ಧರ್ಮಶಾಸ್ತ್ರಕಾರರು ಇದನ್ನು ಅಲ್ಪವೆಂದು ಬಿಟ್ಟವರಲ್ಲ. ಬಿದ್ದ ಕಟ್ಟಿಗೆಯು ಯಾರದು? ಅದನ್ನು ಎತ್ತಿಕೊಂಡವನು ಕಳ್ಳನೋ ಒಡೆಯನೋ? ಈ ಪ್ರಶ್ನೆಗೆ ಕನ್ನಡನಾಡಿನ ಗ್ರಂಥವಾದ ಮಿತಾಕ್ಷರೆಯು ಕೊಟ್ಟ ಉತ್ತರವನ್ನು ಪರಿಶೀಲಿಸುವುದೂ, ಆ ಉತ್ತರವು ಮುಂದೆ ಏನಾಯಿತೆಂಬುದನ್ನು ತೋರಿಸುವುದೂ ಈ ಲೇಖನದ ಉದ್ದೇಶ. ಶಾಸ್ತ್ರವು ಕಟ್ಟಿಗೆಯನ್ನು ದ್ವಿಜರಿಗೆ ಮಾತ್ರ ಬಿಟ್ಟುಕೊಟ್ಟು ಉಳಿದವರಿಗೆ ನಿಷೇಧಿಸಿತೆಂಬ ಅಭಿಪ್ರಾಯವು ಮೂಲಶ್ಲೋಕವನ್ನು ಮಾತ್ರ ನೋಡಿದವರಿಗೆ ಸಹಜವಾಗಿಯೇ ಹುಟ್ಟುತ್ತದೆ. ಪಾಠಶಾಲೆಯಲ್ಲಿ ವ್ಯವಹಾರಾಧ್ಯಾಯವನ್ನು ಓದಿದಾಗ ನಾನೂ ಹಾಗೆಯೇ ಗ್ರಹಿಸಿದ್ದೆನು. ಅದು ಸರಿಯಲ್ಲವೆಂದು ಈಗ ನನಗೆ ತೋರುತ್ತದೆ.

ವಿಷಯವು ಬಹು ಹಳೆಯದು. ಛಾಂದೋಗ್ಯೋಪನಿಷತ್ತಿನಲ್ಲಿ ಹಾರಿದ್ರುಮತ ಗೌತಮನು ಸತ್ಯಕಾಮ ಜಾಬಾಲನನ್ನು ಶಿಷ್ಯನನ್ನಾಗಿ ಒಪ್ಪಿಕೊಂಡೊಡನೆ ಅವನಿಗೆ ಹೇಳಿದ ಮೊದಲ ಕೆಲಸ ಸಮಿತ್ತನ್ನು ತರುವುದು. ಭಾಗವತದ ದಶಮಸ್ಕಂಧದಲ್ಲಿ ಶ್ರೀಕೃಷ್ಣನೂ ಆತನ ಬಡ ಸಹಪಾಠಿಯೂ ಗುರುಪತ್ನಿಯ ಮಾತಿನಂತೆ ಕಟ್ಟಿಗೆಗಾಗಿ ಕಾಡಿಗೆ ಹೋಗಿ ಮಳೆಗಾಳಿಗೆ ಸಿಕ್ಕಿಕೊಂಡರು. ಮೊದಲನೆಯದು ಗುರುಸೇವೆಯ ಆರಂಭ, ಎರಡನೆಯದು ಮನೆಯ ಒಲೆಯ ಅವಶ್ಯಕತೆ. ಎರಡು ಕಡೆಯೂ ಯಾರನ್ನಾದರೂ ಕೇಳಿ ತರಬೇಕೆಂಬ ಮಾತಿಲ್ಲ. ಮನುವು ಸ್ತೇಯಪ್ರಕರಣದಲ್ಲಿ, ವನಸ್ಪತಿಗಳ ಫಲಮೂಲಗಳನ್ನೂ ಅಗ್ನಿಗಾಗಿ ಕಟ್ಟಿಗೆಯನ್ನೂ ಹಸುವಿಗಾಗಿ ಹುಲ್ಲನ್ನೂ ತೆಗೆದುಕೊಳ್ಳುವುದು ಕಳ್ಳತನವಲ್ಲವೆಂದು ಸ್ಪಷ್ಟವಾಗಿ ವಿಧಿಸಿದನು. ಕಳ್ಳತನದ ಪ್ರಕರಣದಲ್ಲಿಯೇ ಹೀಗೆ ಹೇಳಬೇಕಾಯಿತೆಂಬುದರಿಂದ, ಕಟ್ಟಿಗೆಯ ವಿಷಯದಲ್ಲಿ ವಿವಾದಗಳು ಆಗಲೇ ಏಳುತ್ತಿದ್ದುವೆಂದು ಊಹಿಸಬಹುದು.

ಈಗ ಯಾಜ್ಞವಲ್ಕ್ಯಸ್ಮೃತಿಗೆ ಬರೋಣ. ವ್ಯವಹಾರಾಧ್ಯಾಯದ ಸ್ವಾಮಿಪಾಲವಿವಾದದಲ್ಲಿ ಗೋಮಾಳವನ್ನು ಕುರಿತು ಹೇಳುತ್ತ, ದ್ವಿಜನು ಹುಲ್ಲು, ಕಟ್ಟಿಗೆ, ಹೂಗಳನ್ನು ಎಲ್ಲ ಕಡೆಗಳಿಂದಲೂ ತರಬಹುದೆಂದು ಸ್ಮೃತಿಯು ಹೇಳಿದೆ. ಅದರ ಮುಂದಿನ ಶ್ಲೋಕದಲ್ಲಿ ಗ್ರಾಮಕ್ಕೂ ಹೊಲಗಳಿಗೂ ನಡುವೆ ೧೦೦ ಧನುಸ್ಸಿನಷ್ಟು, ಖರ್ವಟಕ್ಕೆ ೨೦೦, ನಗರಕ್ಕೆ ೪೦೦ ಧನುಸ್ಸಿನಷ್ಟು ಜಾಗವನ್ನು ಬಿಡಬೇಕೆಂದು ವಿಧಿಯಿದೆ. ಊರಿನ ಸುತ್ತ ಹೀಗೆ ಉಳುಮೆಯಿಲ್ಲದೆ ಬಿಟ್ಟ ನೆಲವೇ ದನಗಳಿಗೆ ಮೇವನ್ನೂ ಬಡವರಿಗೆ ಉರುವಲನ್ನೂ ಕೊಡತಕ್ಕದ್ದಾಗಿತ್ತೆಂದು ತಿಳಿಯಬಹುದು.

ಈ ಶ್ಲೋಕದಲ್ಲಿ ‘ದ್ವಿಜ’ ಎಂಬ ಪದವಿರುವುದರಿಂದಲೇ ಮೇಲೆ ಹೇಳಿದ ಅಭಿಪ್ರಾಯವು ಹುಟ್ಟಿತು. ಆದರೆ ಕಲ್ಯಾಣದ ಚಾಲುಕ್ಯಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿದ್ದ ವಿಜ್ಞಾನೇಶ್ವರನು ಇಲ್ಲಿ ಮಾಡಿದ ವ್ಯಾಖ್ಯಾನವು ಗಮನಿಸತಕ್ಕದ್ದು. ಈ ಅನುಮತಿಯು ಪರಿಗೃಹೀತವಾದ, ಅಂದರೆ ಈಗಾಗಲೇ ಮತ್ತೊಬ್ಬನ ವಶದಲ್ಲಿರುವ ವಸ್ತುವಿಗೆ ಸಂಬಂಧಪಟ್ಟದ್ದೆಂದು ಅವನು ಹೇಳುತ್ತಾನೆ. ಪರರ ನೆಲದಿಂದಲೂ ಹಸುವಿಗೆ, ಅಗ್ನಿಗೆ, ದೇವರಿಗೆ ಬೇಕಾದುದನ್ನು ದ್ವಿಜನು ತನ್ನದರಂತೆ ತರಬಹುದು. ಹಣ್ಣುಗಳನ್ನಾದರೋ ಬೇಲಿಯಿಲ್ಲದ ಕಡೆಯಿಂದ ಮಾತ್ರ ತರಬೇಕು. ಆದರೆ ಯಾರ ವಶದಲ್ಲಿಯೂ ಇಲ್ಲದ ವಸ್ತುವಿನಲ್ಲಿ ದ್ವಿಜನಲ್ಲದವನಿಗೂ ಪರಿಗ್ರಹಮಾತ್ರದಿಂದ ಸ್ವತ್ವವು ಸಿದ್ಧಿಸುತ್ತದೆ. ಅಲ್ಲಿ ಅನುಮತಿಯ ಪ್ರಶ್ನೆಯೇ ಇಲ್ಲ. ಆದುದರಿಂದ ‘ದ್ವಿಜ’ಪದವು ಉಳಿದವರನ್ನು ಕಾಡಿನಿಂದ ಹೊರಗಿಡುವುದಕ್ಕಾಗಿ ಬಂದುದಲ್ಲ, ಪರರ ನೆಲದಲ್ಲಿ ಒಂದು ವಿಶೇಷಾಧಿಕಾರವನ್ನು ಹೇಳುವುದಕ್ಕಾಗಿ ಬಂದುದು.

ಇದಕ್ಕೆ ಬಲವಾದ ಆಧಾರವು ದಾಯವಿಭಾಗಪ್ರಕರಣದ ಆರಂಭದಲ್ಲಿ ದೊರೆಯುತ್ತದೆ. ಗೌತಮನು ಸ್ವಾಮ್ಯಕ್ಕೆ ರಿಕ್ಥ, ಕ್ರಯ, ಸಂವಿಭಾಗ, ಪರಿಗ್ರಹ, ಅಧಿಗಮ ಎಂಬ ೫ ಕಾರಣಗಳನ್ನು ಎಲ್ಲರಿಗೂ ಸಾಧಾರಣವಾಗಿ ಹೇಳಿ, ಆ ಬಳಿಕ ಒಂದೊಂದು ವರ್ಣಕ್ಕೆ ಅಸಾಧಾರಣವಾದುದನ್ನು ಬೇರೆ ಹೇಳಿದನು. ಇವುಗಳಲ್ಲಿ ಪರಿಗ್ರಹವೆಂದರೇನು? ಹಿಂದೆ ಬೇರೆಯವರದಾಗಿರದ, ‘ಅನನ್ಯಪೂರ್ವ’ವಾದ ನೀರು, ಹುಲ್ಲು, ಕಟ್ಟಿಗೆ ಮೊದಲಾದುವನ್ನು ಸ್ವೀಕರಿಸುವುದೆಂದು ವಿಜ್ಞಾನೇಶ್ವರನು ಅರ್ಥಹೇಳುತ್ತಾನೆ. ವಿದ್ವಾಂಸರು ಈ ಉದಾಹರಣೆಯನ್ನು ಹೆಚ್ಚಾಗಿ ಗಮನಿಸಿದಂತಿಲ್ಲ. ಸ್ವಾಮ್ಯವು ಮೊದಲು ಹೇಗೆ ಹುಟ್ಟುತ್ತದೆಂಬುದಕ್ಕೆ ದೃಷ್ಟಾಂತವನ್ನು ಹುಡುಕಿದಾಗ ಆ ಮಹಾಪಂಡಿತನ ಕಣ್ಣಿಗೆ ಕಂಡುದು ರಾಜನ ಬೊಕ್ಕಸವಲ್ಲ, ಸೌದೆಯ ಹೊರೆ. ಅಷ್ಟೇ ಅಲ್ಲ: ಸ್ವತ್ವವು ಶಾಸ್ತ್ರದಿಂದ ಹುಟ್ಟುವುದಲ್ಲ, ಅದು ಲೌಕಿಕವೆಂದು ಅವನ ಸಿದ್ಧಾಂತ. ಶಾಸ್ತ್ರವ್ಯವಹಾರವನ್ನು ಕಾಣದ ಗಡಿನಾಡಿನ ಜನರಲ್ಲಿಯೂ ಕೊಳ್ಳುವುದು ಮಾರುವುದು ನಡೆಯುತ್ತದಲ್ಲವೇ ಎಂಬುದು ಅವನು ಕೊಡುವ ಯುಕ್ತಿಗಳಲ್ಲೊಂದು. ಹಾಗಾದರೆ ಕಾಡಿನಲ್ಲಿ ಒಣಕಟ್ಟಿಗೆಯನ್ನು ಆಯ್ದ ಹೆಂಗಸಿಗೆ ಶಾಸ್ತ್ರವು ಹಕ್ಕನ್ನು ದಯಪಾಲಿಸಬೇಕಾದುದಿಲ್ಲ. ಎತ್ತಿಕೊಂಡಾಗಲೇ ಅದು ಅವಳದಾಯಿತು.

ಇಷ್ಟರಿಂದ ಪ್ರಾಚೀನವ್ಯವಸ್ಥೆಯು ನಿರ್ದೋಷವಾಗಿತ್ತೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಹುಲ್ಲನ್ನಾಗಲಿ ಕಟ್ಟಿಗೆಯನ್ನಾಗಲಿ ಕೇಳದೆ ತೆಗೆದುಕೊಳ್ಳುವವನ ಕೈಯನ್ನು ಕಡಿಯಬೇಕೆಂಬ ಕ್ರೂರವಚನವೊಂದನ್ನು ಮಿತಾಕ್ಷರೆಯೇ ಎತ್ತಿಕೊಂಡು, ಅದು ದ್ವಿಜರಲ್ಲದವರ ವಿಷಯದ್ದು, ಇಲ್ಲವೆ ಆಪತ್ತಿಲ್ಲದಾಗಿನ ವಿಷಯದ್ದು, ಇಲ್ಲವೆ ಹಸು ಮೊದಲಾದ ಪ್ರಯೋಜನಗಳಿಗಲ್ಲದೆ ತೆಗೆದುಕೊಂಡುದರ ವಿಷಯದ್ದು ಎಂದು ವಿಕಲ್ಪವಾಗಿ ವ್ಯವಸ್ಥೆ ಮಾಡಿದೆ. ಕೊನೆಯ ಎರಡು ಪಕ್ಷಗಳು ದಂಡವನ್ನು ಸಂಕೋಚಗೊಳಿಸುತ್ತವೆ; ಮೊದಲನೆಯದು ಶೂದ್ರನ ತಲೆಯ ಮೇಲೆಯೇ ಅದನ್ನು ಹೊರಿಸುತ್ತದೆ. ಪರರ ನೆಲದ ಎಲ್ಲೆಯೊಳಗೆ ಜಾತಿಭೇದವು ಹೀಗೆ ಉಳಿಯಿತೆಂಬುದನ್ನು ಮರೆಮಾಚಲಾಗದು. ಕಾಡುಗಳೆಲ್ಲವೂ ಅನನ್ಯಪೂರ್ವವೇ ಆಗಿದ್ದುವೆಂದೂ ಹೇಳುವಂತಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕುಪ್ಯಾಧ್ಯಕ್ಷನೆಂಬ ಅಧಿಕಾರಿಯು ದ್ರವ್ಯವನಗಳಲ್ಲಿ ಮರ ಕಡಿಯುವವರಿಗೆ ದಂಡವನ್ನು ನಿಯಮಿಸುತ್ತಾನೆ. ಆದರೂ ಅಲ್ಲಿ ಆಪತ್ತಿನಲ್ಲಿರುವವರಿಗೆ ವಿನಾಯಿತಿಯುಂಟು.

ಕಡಿಯುವುದಕ್ಕೂ ಆಯುವುದಕ್ಕೂ ಇರುವ ಭೇದವನ್ನೂ ಇಲ್ಲಿ ಗಮನಿಸಬೇಕು. ಆಲ ಮೊದಲಾದ ಬಿಳಲುಬಿಡುವ ಮರಗಳು, ಮಾವು ಮೊದಲಾದ ಉಪಜೀವ್ಯವೃಕ್ಷಗಳು, ಇವುಗಳ ಕೊಂಬೆಯನ್ನು ಕಡಿದರೆ ೨೦ ಪಣ, ಬೊಡ್ಡೆಯನ್ನು ಕಡಿದರೆ ೪೦, ಮರವನ್ನೇ ಕಡಿದರೆ ೮೦ ಪಣವೆಂದು ಯಾಜ್ಞವಲ್ಕ್ಯನ ವಿಧಿ. ಚೈತ್ಯ, ಶ್ಮಶಾನ, ಸೀಮೆ, ದೇವಾಲಯಗಳ ಮರಗಳಿಗೆ ದಂಡವು ಇಮ್ಮಡಿ. ನಮ್ಮ ಸಾಲುಮರಗಳಲ್ಲಿ ಹೆಚ್ಚಿನವು ಈ ವರ್ಗಗಳಿಗೇ ಸೇರಿದವು. ದಂಡವೆಲ್ಲವೂ ಹಸಿಮರಕ್ಕೆ ಮಾಡಿದ ಹಿಂಸೆಗೆ ಹೇಳಿದುದು. ತಾನಾಗಿ ಒಣಗಿ ಬಿದ್ದುದರ ಪ್ರಸ್ತಾಪವು ಅಲ್ಲಿಲ್ಲ.

ಶಾಸ್ತ್ರವು ಹೇಳಿದುದನ್ನು ಲೋಕವು ನಡೆಸಿತೇ ಎಂದರೆ ಅದೇ ಕಲ್ಯಾಣದಿಂದಲೇ ಒಂದು ಸಾಕ್ಷಿಯುಂಟು. ವಿಜ್ಞಾನೇಶ್ವರನ ತರುವಾಯ ೧೨ನೆಯ ಶತಮಾನದಲ್ಲಿ ಆ ನಗರದಲ್ಲಿ ಮೋಳಿಗೆಯ ಮಾರಯ್ಯನೆಂಬ ಶರಣನಿದ್ದನು. ಮೋಳಿಗೆಯೆಂದರೆ ಕಟ್ಟಿಗೆಯ ಹೊರೆ. ಅವನು ಕಾಶ್ಮೀರದ ಅರಸನಾಗಿದ್ದು ರಾಜ್ಯವನ್ನು ತೊರೆದು ಪತ್ನಿ ಮಹಾದೇವಿಯೊಡನೆ ಬಂದವನೆಂದು ಸಂಪ್ರದಾಯವು ಹೇಳುತ್ತದೆ. ಕಾಡಿನಿಂದ ಹೊರೆ ತಂದು ಮಾರಿ, ಬಂದ ಹಣದಿಂದ ಜಂಗಮದಾಸೋಹವನ್ನು ನಡೆಸುತ್ತಿದ್ದ ಅವನು, ಬಸವಣ್ಣನವರು ಗುಟ್ಟಾಗಿ ಇಟ್ಟುಹೋದ ಹೊನ್ನನ್ನು ತನಗಾಗಿ ಇಟ್ಟುಕೊಳ್ಳಲಿಲ್ಲವೆಂಬ ಕಥೆಯು ಪ್ರಸಿದ್ಧವಾಗಿದೆ. ಕಥೆಯ ಐತಿಹಾಸಿಕಾಂಶವೆಷ್ಟೆಂಬ ವಿಚಾರವು ಇಲ್ಲಿ ಅಪ್ರಕೃತ. ನಮಗೆ ಬೇಕಾದುದು ಇಷ್ಟು: ತನ್ನದಲ್ಲದುದನ್ನು ಮಾರುವುದು ಅಸ್ವಾಮಿವಿಕ್ರಯವೆಂಬ ಅಪರಾಧ. ಶರಣರು ಮಾರಯ್ಯನ ಕಾಯಕವನ್ನು ಶುದ್ಧವೆಂದು ಕೊಂಡಾಡಿದರು. ಆದುದರಿಂದ ಕಾಡಿನಿಂದ ತಂದ ಹೊರೆಯು ತಂದವನ ಸ್ವತ್ತೆಂಬುದು ಆ ಸಮಾಜಕ್ಕೆ ಸಂಶಯವಿಲ್ಲದ ಮಾತಾಗಿತ್ತು. ವ್ಯಾಖ್ಯಾನದ ಪರಿಗ್ರಹವೇ ಬೀದಿಯಲ್ಲಿ ಕಾಯಕವಾಗಿ ಕಾಣಿಸಿಕೊಂಡಿತು.

ಈ ಸ್ವಾಮ್ಯವು ಅಳಿದುದು ೧೯ನೆಯ ಶತಮಾನದಲ್ಲಿ. ರೈಲುಹಾದಿಗೆ ಮರದ ದಿಮ್ಮಿಗಳೂ ಮದ್ರಾಸ್ ಪ್ರಾಂತದ ರೈಲುಬಂಡಿಗಳಿಗೆ ಸೌದೆಯೂ ಬೇಕಾದಾಗ ಕಾಡಿಗೆ ಬೆಲೆ ಬಂದಿತು. ೧೮೬೫ರಲ್ಲಿ ಮೊದಲನೆಯ ಅರಣ್ಯಕಾಯಿದೆಯೂ ೧೮೭೮ರಲ್ಲಿ ಅದಕ್ಕಿಂತ ಕಠಿನವಾದ ಎರಡನೆಯದೂ ಹೊರಟವು. ಈ ನಡುವೆ ನಡೆದ ವಾದದಲ್ಲಿ ಬೇಡನ್ ಪೊವೆಲ್ ಮೊದಲಾದ ಅಧಿಕಾರಿಗಳು, ಹಳ್ಳಿಗರ ಅನುಭವವು ಅರಸರು ಸಹಿಸಿಕೊಂಡು ಬಂದ ಸವಲತ್ತೇ ಹೊರತು ಹಕ್ಕಲ್ಲವೆಂದು ಸಾಧಿಸಿದರು. ಮದ್ರಾಸಿನ ರೆವಿನ್ಯೂ ಬೋರ್ಡು ೧೮೭೧ರಲ್ಲಿಯೇ, ಆ ಪ್ರಾಂತದಲ್ಲಿ ಯಾವುದಾದರೊಂದು ಹಳ್ಳಿಯ ಎಲ್ಲೆಗೆ ಸೇರದ ಕಾಡು ಇಲ್ಲವೆನ್ನುವಷ್ಟು ವಿರಳವೆಂದೂ, ತೇಗ ಗಂಧಗಳಂಥವುಗಳ ರಾಜಭಾಗವನ್ನು ಬಿಟ್ಟರೆ ಸರ್ಕಾರವು ಅಲ್ಲಿ ಒಡೆತನವನ್ನು ಸಾಧಿಸಿದುದು ಈಚೆಗೆ ಮಾತ್ರವೆಂದೂ ಎಚ್ಚರಿಸಿತ್ತು. ಆದರೂ ೧೮೮೨ರಲ್ಲಿ ಮದ್ರಾಸಿಗೂ ೧೯೦೦ರಲ್ಲಿ ಮೈಸೂರು ಸಂಸ್ಥಾನಕ್ಕೂ ಅರಣ್ಯಶಾಸನಗಳಾದವು. ೧೯೨೭ರ ಕಾಯಿದೆಯಲ್ಲಿ ‘ನಾಟಾ’ ಎಂಬುದರ ಲಕ್ಷಣವನ್ನು ಹೇಳುವಾಗ, ಕಡಿದ ಮರಗಳೊಡನೆ ತಾವಾಗಿ ಬಿದ್ದ ಮರಗಳನ್ನೂ ಸೇರಿಸಲಾಯಿತು. ಯಾಜ್ಞವಲ್ಕ್ಯನು ಬೇರೆ ಬೇರೆಯಾಗಿಟ್ಟ ಕಡಿತವೂ ಬೀಳುವಿಕೆಯೂ ಇಲ್ಲಿ ಒಂದೇ ಪದದೊಳಗೆ ಅಡಗಿದವು.

ಇದರ ಫಲವನ್ನು ಶಾಸ್ತ್ರದ ಮಾತಿನಲ್ಲಿ ಹೀಗೆ ಹೇಳಬಹುದು: ಅನನ್ಯಪೂರ್ವವೆಂಬ ವರ್ಗವೇ ಲೋಪವಾಯಿತು. ಎಲ್ಲವೂ ಪರಿಗೃಹೀತವಾದ ಮೇಲೆ ಉಳಿದುದು ಅನುಮತಿ ಮಾತ್ರ. ಅನುಮತಿಯು ದೊರೆತುದು ವಿಶೇಷಾಧಿಕಾರವುಳ್ಳವರಿಗೆ. ಉತ್ತರ ಕನ್ನಡದಲ್ಲಿ ಅಡಕೆ ತೋಟವುಳ್ಳವರಿಗೆ ಸೊಪ್ಪಿನ ಬೆಟ್ಟಗಳ ಸವಲತ್ತು ಉಳಿಯಿತು; ತೋಟವಿಲ್ಲದವರಿಗೆ ಅಂತಹ ಬೆಟ್ಟವಿರಲಿಲ್ಲ. ಹಿಂದೆ ದ್ವಿಜನಿದ್ದ ಸ್ಥಾನದಲ್ಲಿ ಈಗ ಆಸ್ತಿವಂತನು ನಿಂತನು. ಹಿಂದೆ ಕಾಡಿನಲ್ಲಿ ಒಡೆಯನಾಗಿದ್ದವನು ಕಳ್ಳನಾದನು. ೧೯೩೦ರಲ್ಲಿ ಆ ಜಿಲ್ಲೆಯ ಜನರು ಅರಣ್ಯಸತ್ಯಾಗ್ರಹವನ್ನು ಹೂಡಿದಾಗ ಅವರು ಮುರಿದುದು ಈ ಕಾನೂನನ್ನೇ.

೨೦೦೬ರ ಅರಣ್ಯಹಕ್ಕುಗಳ ಕಾಯಿದೆಯು ಕುರುಚಲು ಕಟ್ಟಿಗೆಯನ್ನೂ ಮೋಟುಗಳನ್ನೂ ಕಿರು ಅರಣ್ಯೋತ್ಪನ್ನದಲ್ಲಿ ಎಣಿಸಿ, ಬುಡಕಟ್ಟಿನವರಿಗೂ ಇತರ ಪಾರಂಪರಿಕ ಅರಣ್ಯವಾಸಿಗಳಿಗೂ ಅವುಗಳ ಮೇಲೆ ಒಡೆತನದ ಹಕ್ಕನ್ನು ಹೇಳಿತು. ಅನುಮತಿಯೆಂದಾಗಲಿ ಸವಲತ್ತೆಂದಾಗಲಿ ಅನ್ನದೆ ‘ಒಡೆತನ’ವೆಂಬ ಪದವನ್ನೇ ಬಳಸಿದುದು ಗಮನಾರ್ಹ. ಆದರೆ ಅದು ಕೊಡಲ್ಪಟ್ಟ ಒಡೆತನ. ಅರ್ಜಿಯಿಂದಲೂ ಪುರಾವೆಯಿಂದಲೂ ಸಿದ್ಧಿಸತಕ್ಕದ್ದು. ವಿಜ್ಞಾನೇಶ್ವರನು ಹೇಳಿದುದು ಬಾಗಿ ಎತ್ತಿಕೊಂಡುದರಿಂದಲೇ ಸಿದ್ಧಿಸತಕ್ಕದ್ದು. ಈ ಎರಡರ ನಡುವಣ ಅಂತರವನ್ನು ಮರೆತು, ಬಡವರ ಸೌದೆಯನ್ನು ಕಸಿದುಕೊಂಡುದು ‘ದ್ವಿಜ’ಪದವುಳ್ಳ ಆ ಶ್ಲೋಕವೇ ಎಂದು ವಿದ್ಯಾರ್ಥಿಗಳಿಗೆ ಪಾಠ ಹೇಳುವುದು ಯುಕ್ತವಲ್ಲ. ಆ ಶ್ಲೋಕಕ್ಕೆ ತನ್ನದೇ ಆದ ದೋಷವುಂಟು. ಪರರದಲ್ಲದ ದೋಷವನ್ನು ಅದು ಹೊರಲಿ, ಪರರ ದೋಷವನ್ನಲ್ಲ. ವಿದ್ವಾಂಸರು ವ್ಯಾಖ್ಯಾನದೊಡನೆ ಮೂಲವನ್ನು ಮತ್ತೊಮ್ಮೆ ನೋಡಿ, ನನ್ನ ಅರ್ಥದಲ್ಲಿ ತಪ್ಪಿದ್ದರೆ ತಿದ್ದಬೇಕಾಗಿ ಪ್ರಾರ್ಥನೆ.