ಕಾಗದದ ಮೇಲಿನ ಲಾಭ

ಉದ್ಯಮವೊಂದು ಗೆದ್ದಿದೆಯೆಂದು ತಿಳಿಯುವುದು ಹೇಗೆ? ವಹಿವಾಟಿನ ಮೊತ್ತ, ನೌಕರರ ಸಂಖ್ಯೆ, ಷೇರಿನ ಬೆಲೆ - ಇವೇ ಮೊದಲು ಕಣ್ಣಿಗೆ ಬೀಳುವ ಅಳತೆಗೋಲುಗಳು. ಇವು ಎಷ್ಟು ಮೋಸಗೊಳಿಸಬಲ್ಲವು ಎಂಬುದಕ್ಕೆ ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಪ್ರಕರಣವೇ ಸಾಕ್ಷಿ.

1987ರಲ್ಲಿ ಆರಂಭವಾದ ಈ ಕಂಪನಿಗೆ 2008ರಲ್ಲಿ ಉತ್ತಮ ಆಡಳಿತಕ್ಕೆಂದೇ ‘ಗೋಲ್ಡನ್ ಪೀಕಾಕ್’ ಪ್ರಶಸ್ತಿ ಬಂದಿತ್ತು. ಕೆಲವೇ ತಿಂಗಳಲ್ಲಿ, 2009ರ ಜನವರಿ 7ರಂದು, ಸ್ಥಾಪಕ ಬಿ. ರಾಮಲಿಂಗ ರಾಜು ಅವರೇ ಆಡಳಿತ ಮಂಡಳಿಗೆ ಪತ್ರ ಬರೆದು ನಿಜ ಒಪ್ಪಿಕೊಂಡರು. ಲೆಕ್ಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಹಾಗೂ ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. 2008ರ ಸೆಪ್ಟೆಂಬರಿಗೆ ಮುಗಿದ ತ್ರೈಮಾಸಿಕದಲ್ಲಿ ವಹಿವಾಟಿನ ಲಾಭ 649 ಕೋಟಿ ಎಂದು ಸಾರಲಾಗಿತ್ತು. ನಿಜವಾಗಿ ಬಂದದ್ದು 61 ಕೋಟಿ.

ಮೊದಲಿಗೆ ಈ ಅಂತರ ಸಣ್ಣದಾಗಿತ್ತು ಎನ್ನುತ್ತದೆ ಆ ಪತ್ರ. ಆದರೆ ಒಂದು ಸಲ ಹಿಗ್ಗಿಸಿದ ಲಾಭವನ್ನು ಮುಂದಿನ ಸಲ ಇಳಿಸುವಂತಿರಲಿಲ್ಲ. ಇಲ್ಲದ ಲಾಭಕ್ಕೆ ಇಲ್ಲದ ಠೇವಣಿಯನ್ನೂ ತೋರಿಸಬೇಕಾಯಿತು. 2008ರ ಡಿಸೆಂಬರಿನಲ್ಲಿ ಕುಟುಂಬದ ಮೇಟಾಸ್ ಕಂಪನಿಗಳನ್ನು ಕೊಂಡು ಕೊರತೆ ಮುಚ್ಚುವ ಯತ್ನವೂ ಹೂಡಿಕೆದಾರರ ವಿರೋಧದಿಂದ ಮುರಿದುಬಿತ್ತು.

2015ರಲ್ಲಿ ವಿಶೇಷ ನ್ಯಾಯಾಲಯ ರಾಜು ಅವರಿಗೆ 7 ವರ್ಷಗಳ ಸಜೆ ವಿಧಿಸಿತು. ಅದರ ವಿರುದ್ಧ ಮೇಲ್ಮನವಿ ಸಲ್ಲಿಕೆಯಾಯಿತು. ಅಷ್ಟರಲ್ಲಿ 2013ರ ಕಂಪನಿ ಕಾಯ್ದೆ, ಷೇರುಪೇಟೆಯ ಕಂಪನಿಗಳು ಲೆಕ್ಕ ಪರಿಶೋಧಕರನ್ನು ಕಾಲಕಾಲಕ್ಕೆ ಬದಲಿಸುವುದನ್ನು ಕಡ್ಡಾಯ ಮಾಡಿತ್ತು.

ಲಾಭ ಎಷ್ಟು ಎಂದು ಕೇಳಿದರಷ್ಟೇ ಸಾಲದು. ಆ ಹಣ ಎಲ್ಲಿದೆ ಎಂದೂ ಕೇಳಬೇಕು. ಉತ್ತರ ನೇರವಾಗಿ ಬ್ಯಾಂಕಿನಿಂದಲೇ ಬರಬೇಕು.