ಕೇಶರಾಗದ ಎರಡು ಎಲೆಗಳು

ನೀಲಿಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ನೀಲಿಯ ಗಟ್ಟಿಯ ಚರಿತ್ರೆಯನ್ನು ಬರೆದಿದ್ದಾರೆ. ನೀಲಿಯ ಎಲೆಯ ಚರಿತ್ರೆ ಅವರ ಗಮನಕ್ಕೆ ಬಂದದ್ದು ವಿರಳ. ವಂಗದೇಶದ ಕೋಠಿಗಳಲ್ಲಿ ಹಸಿಯ ಸೊಪ್ಪನ್ನು ತೊಟ್ಟಿಯ ನೀರಿನಲ್ಲಿ ನೆನೆಯಿಸಿ, ಆ ನೀರನ್ನು ಬಡಿದು ಕಡೆದು, ತಳಕ್ಕಿಳಿದ ಮಡ್ಡಿಯನ್ನು ಬಸಿದು ಒಣಗಿಸಿ, ಗಟ್ಟಿಗಳಾಗಿ ಕೊಯ್ದು ಪೆಟ್ಟಿಗೆಗಳಲ್ಲಿ ತುಂಬಿ ಕಲ್ಕತ್ತೆಯ ಹರಾಜಿಗೆ ಒಯ್ಯುತ್ತಿದ್ದ ವ್ಯಾಪಾರದ ಹಿಂದೆ ರೈತರ ಕಣ್ಣೀರು ಇದ್ದಿತು. 1859ರಲ್ಲಿ ಆ ರೈತರು ಬಿತ್ತನೆಗೆ ಕೈಹಾಕುವುದಿಲ್ಲವೆಂದು ನಿಂತದ್ದು, ಮರುವರ್ಷವೇ ದೀನಬಂಧು ಮಿತ್ರರ ‘ನೀಲದರ್ಪಣ’ ನಾಟಕ ಪ್ರಕಟವಾದದ್ದು, ಇಪ್ಪತ್ತು ಕಠಾ ನೆಲದಲ್ಲಿ ಮೂರು ಕಠಾ ನೀಲಿಗೇ ಮೀಸಲೆಂಬ ಚಂಪಾರಣ್ಯದ ಕಟ್ಟಳೆಯನ್ನು ಮುರಿಯಲು 1917ರಲ್ಲಿ ಗಾಂಧೀಜಿ ಅಲ್ಲಿಗೆ ಹೋದದ್ದು, ಇವೆಲ್ಲ ನಮ್ಮ ಶಾಲೆಯ ಮಕ್ಕಳೂ ಬಲ್ಲ ಸಂಗತಿಗಳು. ಆದರೆ ಅದೇ ಗಿಡದ ಎಲೆ ತೊಟ್ಟಿಗೆ ಇಳಿಯದೆ, ದೊರೆಗಳ ಕೋಠಿಯನ್ನು ಕಾಣದೆ, ನೆರಳಿನಲ್ಲಿ ಒಣಗಿ, ಪುಡಿಯಾಗಿ, ಗೋರಂಟಿಯ ಜೊತೆಗೂಡಿ ಮನುಷ್ಯನ ತಲೆಯನ್ನೇರಿದ ಮತ್ತೊಂದು ಚರಿತ್ರೆಯೂ ಉಂಟು. ಅದು ಸಾಮ್ರಾಜ್ಯಗಳ ಚರಿತ್ರೆಯಲ್ಲ, ಸ್ನಾನಗೃಹಗಳ ಚರಿತ್ರೆ. ಮೊದಲಿನದು ಮುಗಿದುಹೋದ ಮೇಲೂ ಇದು ಮುಗಿಯದೆ ಉಳಿದುಬಂದಿರುವುದಕ್ಕೆ ಆ ಎಲೆಯ ಸ್ವಭಾವದಲ್ಲಿಯೇ ಒಂದು ಕಾರಣವಿದೆ.

ಈ ಜೋಡಿಯಲ್ಲಿ ಹಿರಿಯದು ಗೋರಂಟಿ. ಮೈಸೂರು ಸೀಮೆಯವರು ಗೋರಂಟಿಯೆಂದೂ ಕರಾವಳಿಯವರು ಮದರಂಗಿಯೆಂದೂ ಕರೆಯುವ ಈ ಗಿಡ, ಒಣಭೂಮಿಯಲ್ಲಿ ಬಿಸಿಲನ್ನುಂಡು ಬೆಳೆಯುವಂಥದು; ಬಿಸಿಲು ಹೆಚ್ಚಿದಷ್ಟೂ ಅದರ ಎಲೆಯ ಕೆಂಪು ಹೆಚ್ಚುವುದು. ನಮ್ಮಲ್ಲಿ ಅದು ಮುಖ್ಯವಾಗಿ ಅಂಗೈಗೂ ಉಗುರಿಗೂ ಸೇರಿದುದು. ಮದುವೆಯ ಹಿಂದಿನ ದಿನ ಮದರಂಗಿಯ ಶಾಸ್ತ್ರವನ್ನೇ ಮಾಡುವ ಮನೆತನಗಳು ದಕ್ಷಿಣ ಕನ್ನಡದಲ್ಲಿ ಇಂದಿಗೂ ಇವೆ. ಆದರೆ ನೈಲ್ ನದಿಯ ದಡದಲ್ಲಿ ಅದು ತಲೆಗೂದಲಿಗೆ ಏರಿದ್ದು ಅತಿ ಪ್ರಾಚೀನ ಕಾಲದಲ್ಲಿ. ಈಜಿಪ್ಟಿನ ರಾಜವಂಶದವರ ಸಂರಕ್ಷಿತ ಶವಗಳನ್ನು ಪರೀಕ್ಷಿಸಿ 1912ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದ ಅಂಗರಚನಾಶಾಸ್ತ್ರಜ್ಞ ಎಲಿಯಟ್ ಸ್ಮಿತ್, ಮೂರುವರೆ ಸಾವಿರ ವರ್ಷಗಳ ಹಿಂದೆ ತೀರಿಕೊಂಡ ಹೆನುತ್ತಮೇಹು ಎಂಬ ವೃದ್ಧ ರಾಜಕುಮಾರಿಯ ವಿರಳವಾದ ಕೂದಲು ಕಪೋಲಗಳ ಪಕ್ಕದಲ್ಲಿ ಉಜ್ಜ್ವಲವಾದ ಕೆಂಬಣ್ಣದಿಂದ ಕೂಡಿರುವುದನ್ನು ಕಂಡು, ಅದು ಗೋರಂಟಿಯ ಕೆಲಸವಿರಬೇಕೆಂದು ಊಹಿಸಿದನು. ಕ್ರಿಸ್ತಶಕದ ಮೊದಲನೆಯ ಶತಮಾನದ ಗ್ರೀಕ್ ವೈದ್ಯನಾದ ಡಯಾಸ್ಕೊರಿಡೀಸನು ತನ್ನ ಔಷಧಗ್ರಂಥದಲ್ಲಿ ಈ ಎಲೆಯನ್ನು ನೊರೆಬರುವ ಒಂದು ಬೇರಿನ ರಸದಲ್ಲಿ ನೆನೆಯಿಸಿ ಅರೆದು ಕೂದಲನ್ನು ಹೊಂಬಣ್ಣಕ್ಕೆ ತರುವ ಕ್ರಮವನ್ನು ಬರೆದಿಟ್ಟಿದ್ದಾನೆ. ಹೀಗೆ ಗೋರಂಟಿಯೊಂದೇ ಇದ್ದ ಕಾಲದಲ್ಲಿ ನರೆಗೆ ದೊರೆತದ್ದು ಕೆಂಪು ಮಾತ್ರ. ಯೌವನದ ಕಪ್ಪು ದೊರೆಯಲಿಲ್ಲ.

ಭರತಖಂಡದವರಾದರೋ ಆ ಕಪ್ಪನ್ನು ಬೇರೊಂದು ದಾರಿಯಿಂದ ಸಾಧಿಸಹೊರಟರು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ಗಂಧಯುಕ್ತಿ ಪ್ರಕರಣವನ್ನು ಸುಗಂಧದ್ರವ್ಯಗಳಿಂದ ಆರಂಭಿಸದೆ ಕೇಶರಾಗದಿಂದಲೇ ಆರಂಭಿಸಿರುವುದು ಗಮನಾರ್ಹವಾದುದು. ತಲೆ ಬೆಳ್ಳಗಾದವನಿಗೆ ಮಾಲೆಯೂ ಗಂಧವೂ ಆಭರಣವೂ ಒಪ್ಪವೆಂಬುದು ಅವನ ಅಭಿಪ್ರಾಯ. ಹಾರಕದ ಅಕ್ಕಿಯನ್ನು ಕಬ್ಬಿಣದ ಪಾತ್ರೆಯಲ್ಲಿ ಲೋಹಚೂರ್ಣದೊಡನೆ ಹುಳಿನೀರಿನಲ್ಲಿ ಬೇಯಿಸಿ ನುಣ್ಣಗೆ ಅರೆದು, ಹುಳಿ ಸವರಿದ ತಲೆಗೆ ಮೆತ್ತಿ, ಹಸಿಯೆಲೆಗಳಿಂದ ಸುತ್ತಿಕೊಂಡು ಎರಡು ಪ್ರಹರ ಇರಬೇಕು. ಆ ಬಳಿಕ ಅದನ್ನು ತೆಗೆದು, ನೆಲ್ಲಿಯ ಲೇಪವನ್ನು ಹಚ್ಚಿ, ಮತ್ತೆ ಎಲೆಸುತ್ತಿ, ಮತ್ತೆರಡು ಪ್ರಹರ ಕಳೆದು ತೊಳೆದರೆ ಶಿರಸ್ಸು ಕೃಷ್ಣವರ್ಣವನ್ನು ಹೊಂದುವುದು. ಕಬ್ಬಿಣವೂ ನೆಲ್ಲಿಯ ಒಗರೂ ಕೂಡಿ ಕಪ್ಪಾಗುವ ಈ ತತ್ತ್ವವೇ ಕಾಗದದ ಮೇಲೆ ಬರೆಯುವ ಒಂದು ಬಗೆಯ ಮಸಿಯನ್ನೂ ಕಪ್ಪಾಗಿಸಿದ ತತ್ತ್ವ. ನೀಲಿಯನ್ನು ನಮ್ಮ ವೈದ್ಯರು ಅರಿಯದವರಲ್ಲ. ಚರಕಸಂಹಿತೆಯ ಮಹಾನೀಲತೈಲದಲ್ಲಿಯೂ, ಕೇರಳದ ವೈದ್ಯರು ಈಗಲೂ ಕಾಯಿಸುವ ನೀಲಿಭೃಂಗಾದಿ ತೈಲದಲ್ಲಿಯೂ ನೀಲಿಗೆ ಸ್ಥಾನವುಂಟು. ಆದರೆ ಅಲ್ಲಿ ಅದು ಎಣ್ಣೆಯೊಳಗೆ ಕಾದು ಬೆಂದ ಔಷಧ, ಗರುಗದ ಸೊಪ್ಪಿನೊಡನೆಯೂ ನೆಲ್ಲಿಯೊಡನೆಯೂ ಸೇರಿ ನೆತ್ತಿಯನ್ನು ತಂಪಾಗಿಡುವ ಪರಿವಾರದ ಒಬ್ಬ ಸದಸ್ಯ. ಗೋರಂಟಿಯ ಕೆಂಪಿನ ಮೇಲೆ ಕುಳಿತು ಅದನ್ನು ಕಪ್ಪಾಗಿಸುವ ಬಣ್ಣವಲ್ಲ.

ಕೆಂಪಿನ ಮೇಲೆ ಎರಡನೆಯ ಎಲೆಯೊಂದನ್ನು ಸೇರಿಸುವ ಆಚಾರಕ್ಕೆ ಖ್ಯಾತಿ ಬಂದದ್ದು ಅರಬ್ಬರ ನಾಡಿನಲ್ಲಿ. ಮೊದಲನೆಯ ಖಲೀಫರಾದ ಅಬೂಬಕರರು ತಮ್ಮ ನರೆತ ಗಡ್ಡಕ್ಕೆ ಗೋರಂಟಿಯನ್ನೂ ಕತಮ್ ಎಂಬ ಗಿಡದೆಲೆಯನ್ನೂ ಬೆರೆಸಿ ಹಚ್ಚುತ್ತಿದ್ದರೆಂದು ಹದೀಸುಗಳು ಹೇಳುತ್ತವೆ. ಮಕ್ಕಾ ನಗರ ವಶವಾದ ದಿನ, ಅವರ ತಂದೆ ಅಬೂ ಕುಹಾಫರನ್ನು ಥಗಾಮವೆಂಬ ಗಿಡದ ಬಿಳಿಯ ಹೂವಿನಂತೆ ಬೆಳ್ಳಗಾದ ತಲೆಯೊಡನೆ ಕರೆತಂದಾಗ, ಆ ಬಿಳುಪನ್ನು ಬದಲಿಸಿರೆಂದೂ ಆದರೆ ಕಪ್ಪನ್ನು ಬಿಡಿರೆಂದೂ ಪೈಗಂಬರರು ಸೂಚಿಸಿದರೆಂಬ ವೃತ್ತಾಂತವೂ ಅಲ್ಲಿಯೇ ಬರುತ್ತದೆ. ವೃದ್ಧನು ತನ್ನ ಕೂದಲಿಗೆ ಬಣ್ಣ ಹಚ್ಚಲಿ, ಆದರೆ ವಯಸ್ಸನ್ನು ಮರೆಮಾಚಿ ಲೋಕವನ್ನು ವಂಚಿಸದಿರಲಿ ಎಂಬುದೇ ಈ ವಿವೇಚನೆಯ ತಾತ್ಪರ್ಯವೆಂದು ಧರ್ಮಶಾಸ್ತ್ರಜ್ಞರು ವ್ಯಾಖ್ಯಾನಿಸಿದರು. ಹೀಗಾಗಿ ಗೋರಂಟಿಯ ಕೆಂಪಿಗೂ ಎರಡೆಲೆಗಳ ಕಂದಿಗೂ ದೊರೆತ ಮಾನ್ಯತೆ ಅಪ್ಪಟ ಕಪ್ಪಿಗೆ ದೊರೆಯಲಿಲ್ಲ.

ಪಾರಸಿಕರು ಆ ನಿಷೇಧವನ್ನು ಅಷ್ಟಾಗಿ ಲೆಕ್ಕಿಸಿದಂತೆ ಕಾಣುವುದಿಲ್ಲ. ಈ ಕಲೆ ಪರಿಪೂರ್ಣತೆಗೆ ಬಂದದ್ದು ಅವರ ಹಮಾಮುಗಳಲ್ಲಿ. ಇರಾನಿನ ಆಗ್ನೇಯಕ್ಕಿರುವ ಕೆರ್ಮಾನ್ ಪ್ರಾಂತದ ಬಾಮ್, ನರ್ಮಾಶೀರ್ ಮೊದಲಾದ ಉಷ್ಣಸೀಮೆಗಳಲ್ಲಿ ಗೋರಂಟಿ ಬೆಳೆಯುತ್ತಿದ್ದಿತು. ಆ ಎಲೆಗಳು ಮರುಭೂಮಿಯ ಅಂಚಿನ ಯಜ್ದ್ ನಗರಕ್ಕೆ ಬಂದು, ಅಲ್ಲಿನ ಮಾಜಾರಿಗಳೆಂಬ ಗಾಣಗಳಲ್ಲಿ, ಒಂಟೆಗಳು ಸುತ್ತಿಸುವ ಭಾರಿ ಕಲ್ಲುಗಾಲಿಗಳ ಕೆಳಗೆ ನುಣ್ಣನೆಯ ಹಸಿರು ಹಿಟ್ಟಾಗಿ, ಪುನಃ ದೇಶದ ನಾನಾ ಭಾಗಗಳಿಗೆ ಹೋಗುತ್ತಿದ್ದುವು. ನೀಲಿಯ ಎಲೆಯೂ ಹಾಗೆಯೇ ಪುಡಿಯಾಗಿ, ರಂಗ್ ಎಂಬ ಹೆಸರಿನಿಂದ ಅಂಗಡಿಗಳಲ್ಲಿ ದೊರೆಯುತ್ತಿದ್ದಿತು. ಸಫಾವಿದರ ಕಾಲದಲ್ಲಿ ಕೆರ್ಮಾನಿನ ಅಧಿಪತಿಯಾಗಿದ್ದ ಗಂಜ್ ಅಲೀ ಖಾನನು 1611ರಲ್ಲಿ ಕಟ್ಟಿಸಿದ ಹಮಾಮು ಈಗ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಅದರ ಕಮಾನುಗಳ ಕೆಳಗೆ ಅಡ್ಡಾಡುವವನಿಗೆ, ಸ್ನಾನವೆಂಬುದು ಅರ್ಧ ದಿನವನ್ನೇ ಬೇಡುವ ಕಾರ್ಯವಾಗಿದ್ದ ಕಾಲ ಎಂಥದೆಂಬುದು ತಾನಾಗಿಯೇ ವಿದಿತವಾಗುವುದು. ಅಂಥ ಕಾಲಾವಕಾಶವಿಲ್ಲದೆ ಈ ಕೇಶರಾಗ ಹುಟ್ಟುವಂತಿರಲಿಲ್ಲ. ಮೊದಲು ಗೋರಂಟಿಯ ದಪ್ಪ ಲೇಪವನ್ನು ತಲೆಗೂ ಗಡ್ಡಕ್ಕೂ ಮೆತ್ತಿ, ಹಬೆಯ ನಡುವೆ ಒಂದೆರಡು ಗಂಟೆ ಕೂರಿಸುವರು. ಅದನ್ನು ತೊಳೆದಾಗ ಕೂದಲು ಇಟ್ಟಿಗೆಯ ಬಣ್ಣಕ್ಕೆ ತಿರುಗಿರುವುದು. ಅದರ ಮೇಲೆ ನೀಲಿಯೆಲೆಯ ಲೇಪವನ್ನು ಹಚ್ಚಿ ಮತ್ತಷ್ಟು ಹೊತ್ತು ಕಾಯುವರು. ತೊಳೆದೊಡನೆ ಕಾಣುವುದು ಕಪ್ಪಲ್ಲ, ಹಸಿರು ಬೆರೆತ ಒಂದು ಅಸ್ಪಷ್ಟವಾದ ಕಂದು. ಹೊಸಬನು ಕನ್ನಡಿ ನೋಡಿ ಕಳವಳಗೊಳ್ಳುವ ಗಳಿಗೆಯಿದು. ಆದರೆ ಗಾಳಿಯಾಡುತ್ತ ಆಡುತ್ತ, ಮಾರನೆಯ ದಿನದೊಳಗೆ ಅದೇ ಕೂದಲು ಕಾಗೆಯ ರೆಕ್ಕೆಯ ಹೊಳಪನ್ನು ತಾಳುವುದು. 1797ರಿಂದ 1834ರವರೆಗೆ ಆಳಿದ ಫತೇ ಅಲೀ ಷಹನ ಚಿತ್ರಪಟಗಳಲ್ಲೆಲ್ಲ ನಡುವಿನವರೆಗೆ ಇಳಿದಿರುವ ಗಾಢಕೃಷ್ಣವರ್ಣದ ಗಡ್ಡವು ಎದ್ದುಕಾಣುವುದು. ಗಡ್ಡದ ಕಪ್ಪನ್ನು ಪೌರುಷದ ಲಕ್ಷಣವಾಗಿಯೂ ಪ್ರಭುತ್ವದ ಲಾಂಛನವಾಗಿಯೂ ಎಣಿಸಿದ ಆಸ್ಥಾನವದು.

ಈ ಕ್ರಮದಲ್ಲಿ ಎರಡೆಲೆಗಳೂ ಪರಸ್ಪರ ವಿರುದ್ಧವಾದ ಉಪಚಾರವನ್ನು ಬೇಡುವುದನ್ನು ಹಮಾಮಿನ ಸೇವಕರು ಅನುಭವದಿಂದ ಬಲ್ಲವರಾಗಿದ್ದರು. ಅದರ ಕಾರಣವನ್ನು ಹೇಳಿದ್ದು ಮುಂದಿನ ಕಾಲದ ರಸಾಯನಶಾಸ್ತ್ರ. ಗೋರಂಟಿಯೆಲೆಯ ತೂಕದಲ್ಲಿ ನೂರಕ್ಕೆ ಒಂದೆರಡು ಪಾಲಿನಷ್ಟು ಮಾತ್ರವಿರುವ ಲಾಸೋನ್ ಎಂಬ ಕೆಂಪು ದ್ರವ್ಯವು ಹುಳಿಯಲ್ಲಿ ಮೆಲ್ಲಮೆಲ್ಲಗೆ ಬಿಡುಗಡೆಯಾಗುವುದು. ಆದುದರಿಂದಲೇ ನಿಂಬೆಯ ರಸದಲ್ಲಿ ಕಲಸಿ ರಾತ್ರಿಯೆಲ್ಲ ಇಡುವ ರೂಢಿ. ಅದು ಕೂದಲಿನ ಕೆರಾಟಿನ್ನಿನೊಡನೆ ಬೆಸೆದುಕೊಂಡುಬಿಡುವುದರಿಂದ, ಎಷ್ಟು ಬಾರಿ ತೊಳೆದರೂ ಹೋಗದು. ನೀಲಿಯೆಲೆಯಲ್ಲಿಯಾದರೋ ನೀಲಿಯೇ ಇರುವುದಿಲ್ಲ. ಇರುವುದು ಇಂಡಿಕಾನ್ ಎಂಬ ಬಣ್ಣವಿಲ್ಲದ ದ್ರವ್ಯ. ನೀರು ತಾಕಿದೊಡನೆ ಎಲೆಯಲ್ಲಿಯೇ ಇರುವ ಕಿಣ್ವವು ಅದನ್ನು ಒಡೆದು ಇಂಡಾಕ್ಸಿಲ್ ಆಗಿಸುವುದು. ಆ ಇಂಡಾಕ್ಸಿಲ್ ಗಾಳಿಯ ಆಮ್ಲಜನಕವನ್ನು ಹೀರಿ, ನೀರಿನಲ್ಲಿ ಕರಗದ ನೀಲಿಯಾಗಿ ನಿಂತುಬಿಡುವುದು. ಆದುದರಿಂದ ನೀಲಿಯ ಪುಡಿಗೆ ಹುಳಿ ಸಲ್ಲದು, ಕಾಯುವುದೂ ಸಲ್ಲದು. ಬೆಚ್ಚನೆಯ ನೀರಿನಲ್ಲಿ ಕಲಸಿ ಸ್ವಲ್ಪ ಹೊತ್ತಿನಲ್ಲಿಯೇ ತಲೆಗೆ ಹಚ್ಚಬೇಕು. ನೀಲಿಯಾಗುವ ಮೊದಲೇ ಅದು ಕೂದಲೊಳಗೆ ಹೊಕ್ಕು, ಅಲ್ಲಿ ನೀಲಿಯಾಗಬೇಕು. ಬಿಳಿಯ ಕೂದಲಿಗೆ ಅದೊಂದನ್ನೇ ಹಚ್ಚಿದರೆ ಹಸಿರು ನೀಲಿಗಳ ನಡುವಣ ವಿಕಾರವಾದ ಛಾಯೆ ಬರುವುದು. ಗೋರಂಟಿಯ ಕೆಂಪು ಕೆಳಗಿದ್ದರೆ ಮಾತ್ರ ಕಪ್ಪಾಗುವುದು. ಎರಡನ್ನೂ ಒಟ್ಟಿಗೆ ಕಲಸಿ ಹಚ್ಚಿದರೆ, ಅವುಗಳ ಪಾಲನ್ನನುಸರಿಸಿ ಕಂದುಬಣ್ಣದ ನಾನಾ ಭೇದಗಳು ದೊರೆಯುವುವು.

ನೀಲಿಯ ಗಟ್ಟಿಯೂ ನೀಲಿಯ ಎಲೆಯೂ ಬೇರೆಬೇರೆ ಚರಿತ್ರೆಗಳಿಗೆ ಸೇರಿದ್ದಕ್ಕೆ ಕಾರಣ ಇದೇ. ಗಟ್ಟಿಯಲ್ಲಿರುವುದು ಆಗಲೇ ನೀಲಿಯಾಗಿ ಮುಗಿದ, ನೀರಿಗೆ ಜಗ್ಗದ ಬಣ್ಣ. ವಿಜಾಪುರ, ಧಾರವಾಡಗಳ ನೀಲಗಾರರು ಅದನ್ನು ನೂಲಿಗೆ ಹಿಡಿಸಬೇಕಾದರೆ ಸುಣ್ಣ ಬೆರೆಸಿದ ಹರವಿಗಳಲ್ಲಿ ದಿನಗಟ್ಟಲೆ ಹುದುಗೆಬ್ಬಿಸಿ, ಬಣ್ಣವನ್ನು ಪುನಃ ಕರಗುವ ಸ್ಥಿತಿಗೆ ತರಬೇಕಾಗಿದ್ದಿತು. ನೂಲು ತಡೆದುಕೊಳ್ಳುವ ಆ ಕ್ಷಾರವನ್ನು ನೆತ್ತಿ ತಡೆದುಕೊಳ್ಳಲಾರದು. ಹೀಗಾಗಿ ತಲೆಗೆ ಬೇಕಾದದ್ದು ಎಂದೆಂದಿಗೂ ಎಲೆಯೇ. ಕೋಠಿಯ ದೊರೆಗಳು ಲೋಕಕ್ಕೆಲ್ಲ ಮಾರಿದ ಗಟ್ಟಿ ಹಮಾಮಿಗೆ ನಿರುಪಯುಕ್ತವಾಗಿದ್ದಿತು. ಮುಂದೆ ಜರ್ಮನಿಯ ಆಡೋಲ್ಫ್ ಬೇಯರನು 1880ರಲ್ಲಿ ನೀಲಿಯನ್ನು ಕೃತಕವಾಗಿ ಸಂಯೋಜಿಸಿ, ಬಿಎಎಸ್‌ಎಫ್ ಕಾರ್ಖಾನೆಯವರು 1897ರಲ್ಲಿ ಅದನ್ನು ಮಾರುಕಟ್ಟೆಗೆ ತಂದಾಗ, ಬಿಹಾರದ ನೀಲಿಯ ಹೊಲಗಳಿಗೆ ಮರಣಶಾಸನ ಬರೆದಂತಾಯಿತು. ಆದರೆ ಆ ಕೃತಕ ನೀಲಿಯೂ ಗಟ್ಟಿಯಂತೆಯೇ ಮುಗಿದ ಬಣ್ಣ, ಕೂದಲೊಳಗೆ ಹೋಗಲಾರದುದು. ಕೆರ್ಮಾನಿನ ರಂಗಿನ ವ್ಯಾಪಾರಿಗೆ ಅದು ಪ್ರತಿಸ್ಪರ್ಧಿಯಾಗಲೇ ಇಲ್ಲ.

ಎಲೆಗೆ ನಿಜವಾದ ಪ್ರತಿಸ್ಪರ್ಧಿ ಬಂದದ್ದೂ ಕಲ್ಲಿದ್ದಲಿನ ಡಾಂಬರಿನಿಂದಲೇ, ಆದರೆ ಬೇರೊಂದು ದ್ರವ್ಯದ ರೂಪದಲ್ಲಿ. ಪ್ಯಾರಾಫಿನಿಲೀನ್‌ಡೈಅಮೀನ್ ಎಂಬ ಆ ದ್ರವ್ಯವನ್ನು ಕೂದಲಿಗೆ ಬಳಸುವ ಹಕ್ಕು 1883ರಲ್ಲಿ ಪ್ಯಾರಿಸ್ಸಿನಲ್ಲಿ ನೋಂದಣಿಯಾಯಿತು. 1907ರಲ್ಲಿ ಯೂಜೆನ್ ಷುಲ್ಲೆರ್ ಎಂಬ ತರುಣ ರಸಾಯನಜ್ಞನು ತನ್ನದೇ ಆದ ಕೇಶರಾಗವೊಂದನ್ನು ಸಿದ್ಧಪಡಿಸಿ ಪ್ಯಾರಿಸ್ಸಿನ ಕ್ಷೌರಿಕರಿಗೆ ಮಾರತೊಡಗಿದನು. ಅವನು ಎರಡು ವರ್ಷಗಳ ಬಳಿಕ ಸ್ಥಾಪಿಸಿದ ಸಂಸ್ಥೆಯೇ ಇಂದಿನ ಲೋರಿಯಾಲ್. ಅರ್ಧ ದಿನದ ಕೆಲಸ ಅರ್ಧ ಗಂಟೆಗೆ ಇಳಿಯಿತು. ಅದಕ್ಕಿಂತಲೂ ಎಲೆಗೆ ಹೆಚ್ಚಿನ ಕೇಡನ್ನು ಮಾಡಿದುದು ಎಲೆಯ ಹೆಸರನ್ನೇ ಹೊತ್ತು ಬಂದ ಮಿಶ್ರಣಗಳು. ಗೋರಂಟಿಯ ಪುಡಿಗೆ ಸೀಸ, ತಾಮ್ರ, ಬೆಳ್ಳಿಗಳ ಲವಣಗಳನ್ನು ಸೇರಿಸಿ ಐರೋಪ್ಯರು ಮಾರಿದರು. ನಮ್ಮ ಪೇಟೆಗಳಲ್ಲಿ ಕರಿ ಮೆಹಂದಿಯೆಂಬ ಹೆಸರಿನಲ್ಲಿ ಮಾರುವ ಎಷ್ಟೋ ಪೊಟ್ಟಣಗಳ ಕಪ್ಪು ಮೇಲೆ ಹೇಳಿದ ಡಾಂಬರಿನ ದ್ರವ್ಯದ್ದು. ಅವುಗಳಿಂದ ತುರಿಕೆ, ಬಾವು, ಬೊಕ್ಕೆಗಳುಂಟಾದಾಗ ಅಪವಾದ ಹೊತ್ತದ್ದು ನಿರಪರಾಧಿಯಾದ ಗೋರಂಟಿ.

ಎಲೆಗಳು ಕೂದಲನ್ನು ಬಲಪಡಿಸುವುವೆಂಬ ನಂಬಿಕೆಯನ್ನೂ ಇಲ್ಲಿ ಪರಿಶೀಲಿಸುವುದು ಉಚಿತ. ಅಮೆರಿಕದ ಕಪ್ಪುಜನಾಂಗದ ಸ್ತ್ರೀಯರಲ್ಲಿ ಈ ನಂಬಿಕೆಗೆ ವಿಶೇಷವಾದ ಅರ್ಥವುಂಟು. ಗುಂಗುರು ಕೂದಲನ್ನು ನೆಟ್ಟಗಾಗಿಸುವ ಲೇಪವನ್ನು ಕ್ಲೀವ್‌ಲೆಂಡಿನ ಗ್ಯಾರೆಟ್ ಮಾರ್ಗನ್ ಎಂಬ ಉಪಜ್ಞೆಗಾರನು 1913ರ ಸುಮಾರಿನಲ್ಲಿ ಮಾರಲಾರಂಭಿಸಿದನು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತೀಕ್ಷ್ಣವಾದ ಕ್ಷಾರದಿಂದ ಮಾಡಿದ ಲೇಪಗಳು ಮನೆಮನೆಗೂ ಬಂದುವು. ಆ ಕ್ಷಾರವು ಕೂದಲಿನೊಳಗಿನ ಗಂಧಕದ ಬಂಧಗಳನ್ನು ಮುರಿದೇ ಗುಂಗುರನ್ನು ಬಿಡಿಸಬೇಕಾದುದರಿಂದ ಕೂದಲು ಕೃಶವಾಗುವುದು ಅನಿವಾರ್ಯ. ಅದರ ಮೇಲೆ ಅಮೋನಿಯ, ಪೆರಾಕ್ಸೈಡುಗಳಿರುವ ಬಣ್ಣವನ್ನು ಹಚ್ಚುವುದೆಂದರೆ ಬಿದ್ದವನ ಮೇಲೆ ಮತ್ತೊಂದು ಕಲ್ಲು ಹೇರಿದಂತೆ. ಶುದ್ಧವಾದ ಗೋರಂಟಿಗೂ ನೀಲಿಗೂ ಆ ಎರಡರ ಅಗತ್ಯವಿಲ್ಲ. ಗೋರಂಟಿಯು ಕೆರಾಟಿನ್ನಿಗೆ ಬೆಸೆದು ಪ್ರತಿಯೊಂದು ಎಳೆಗೂ ಒಂದು ಹೊದಿಕೆಯಾಗುವುದರಿಂದ ಎಳೆ ದಪ್ಪವಾಗಿ, ಹೊಳಪಾಗಿ ತೋರುವುದು. ತಾನೇ ತಾನಾಗಿ ಬಿಟ್ಟ ಗುಂಗುರು ಕೂದಲಿನಲ್ಲಿ ಸುರುಳಿ ಸ್ವಲ್ಪ ಸಡಿಲವಾಗುವುದೂ ಉಂಟು. ಇದರಾಚೆಗೆ ಎಲೆಯ ಮೇಲೆ ಮಹಿಮೆಯನ್ನು ಆರೋಪಿಸುವುದು ಸಲ್ಲದು: ಕ್ಷಾರದಿಂದ ಮುರಿದ ಬಂಧಗಳನ್ನು ಅದು ಮರಳಿ ಕಟ್ಟಲಾರದು, ಉದುರಿದ ಕೂದಲನ್ನು ಬೆಳೆಯಿಸಲಾರದು. ಪುಡಿಯಲ್ಲಿ ಲೋಹದ ಲವಣಗಳು ಬೆರೆತಿದ್ದರಂತೂ, ಬಳಿಕ ಪೆರಾಕ್ಸೈಡು ತಾಕಿದಾಗ ಕೂದಲು ಕಾದು ಹಾಳಾಗುವ ಭಯವೂ ಇದೆ.

ಇಂದು ಗೋರಂಟಿಯ ರಾಜಧಾನಿ ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್. ಅಲ್ಲಿನ ಮೆಹಂದಿಗೆ 2021ರಲ್ಲಿ ಭೌಗೋಳಿಕ ಸೂಚನೆಯ ಮಾನ್ಯತೆ ದೊರೆತಿದೆ. ನೀಲಿಯ ಎಲೆ ತಮಿಳುನಾಡಿನ ದಿಂಡಿವನದ ಸುತ್ತಣ ಹೊಲಗಳಲ್ಲಿ ಬೆಳೆದು, ಪುಡಿಯಾಗಿ, ಸಮುದ್ರವನ್ನು ದಾಟುತ್ತಿದೆ. ಒಂದು ಕಾಲದಲ್ಲಿ ಗಟ್ಟಿಯಾಗಿ ಹೊರಟು ಪರರ ಭಂಡಾರವನ್ನು ತುಂಬಿದ ಗಿಡವೇ ಈಗ ಎಲೆಯಾಗಿ ಹೊರಡುತ್ತಿರುವುದು. ಕಾರ್ಖಾನೆ ಮುಗಿದ ಬಣ್ಣವನ್ನು ಎಷ್ಟು ಬೇಕಾದರೂ ತಯಾರಿಸಬಲ್ಲುದು. ಆದರೆ ಕೂದಲಿಗೆ ಬೇಕಾದದ್ದು ಇನ್ನೂ ಬಣ್ಣವಾಗದಿರುವ ಎಲೆ, ಮತ್ತು ಅದು ಬಣ್ಣವಾಗುವತನಕ ಕುಳಿತಿರಬಲ್ಲ ಮನುಷ್ಯ. ಎಲೆಯನ್ನು ದಿಂಡಿವನ ಒದಗಿಸೀತು. ಕುಳಿತಿರುವ ವ್ಯವಧಾನವನ್ನು ಮಾತ್ರ ಹಚ್ಚಿಕೊಳ್ಳುವವರೇ ಒದಗಿಸಿಕೊಳ್ಳಬೇಕು.