ಡರ್ಬನ್ ನಗರದಲ್ಲಿ ಗಾಂಧಿಯವರ ಕುಟುಂಬ

1896ನೆಯ ಡಿಸೆಂಬರಿನಲ್ಲಿ ಪತ್ನಿ, ಇಬ್ಬರು ಪುತ್ರರು, ಸೋದರಳಿಯ ಇವರೊಡನೆ ಡರ್ಬನ್ನಿಗೆ ಬಂದ ಗಾಂಧಿಯವರು, ಪ್ಲೇಗಿನ ನೆವದಿಂದ ಹಡಗಿನಲ್ಲಿಯೇ ತಡೆಯಲ್ಪಟ್ಟು, 1897ನೆಯ ಜನವರಿ 13ರಂದು ನೆಲಕ್ಕಿಳಿದರು. ಭಾರತೀಯರಲ್ಲಿ ಪಾರಸಿಗಳೇ ನಾಗರಿಕರೆಂಬ ಅಂದಿನ ಎಣಿಕೆಯಂತೆ ಕಸ್ತೂರಬಾ ಅವರಿಗೆ ಪಾರಸೀ ಕ್ರಮದ ಸೀರೆ, ಬಾಲಕರಿಗೆ ಪಾರಸೀ ಉಡುಪು, ಎಲ್ಲರಿಗೂ ಕಾಲುಚೀಲ, ಚೂರಿಮುಳ್ಳುಗಳ ಊಟ ವಿಹಿತವಾದವು. ಮನಸ್ಸು ಮಾತ್ರ ಒಪ್ಪಿರಲಿಲ್ಲ. ಇಳಿದಂದೇ ಬಿಳಿಯರ ಗುಂಪು ಗಾಂಧಿಯವರನ್ನು ಹೊಡೆಯಿತು. ಮೊದಲೇ ಗಾಡಿಯಲ್ಲಿ ಹೋಗಿದ್ದ ಕುಟುಂಬಕ್ಕೆ ಆಶ್ರಯವಿತ್ತವರೂ ಪಾರಸೀ ರುಸ್ತುಂಜಿಯವರೇ ಎಂಬುದು ಗಮನಾರ್ಹ. ಚೂರಿಮುಳ್ಳುಗಳು ಕಾಲಕ್ರಮದಲ್ಲಿ ತೊಲಗಿದವು. ವಿದ್ಯೆಯ ವಿಷಯವು ಅಷ್ಟು ಸುಲಭವಾಗಿರಲಿಲ್ಲ. ಇತರ ಭಾರತೀಯರ ಮಕ್ಕಳಿಗಿಲ್ಲದ ಐರೋಪ್ಯಶಾಲೆಯ ಪ್ರವೇಶವನ್ನು ಅನುಗ್ರಹವಾಗಿ ಪಡೆಯಲೊಲ್ಲದೆ ಅವರು ತಿಂಗಳಿಗೆ 7 ಪೌಂಡುಗಳ ವೇತನದಿಂದ ಆಂಗ್ಲ ಉಪಾಧ್ಯಾಯಿನಿಯನ್ನಿಟ್ಟರು. ತಾವು ಮಕ್ಕಳೊಡನೆ ಗುಜರಾತಿಯಲ್ಲಿಯೇ ಮಾತನಾಡಿದರು. ಶಾಲಾಶಿಕ್ಷಣದ ಕೊರತೆಗಾಗಿ ಪುತ್ರರು ಮುಂದೆ ತಂದೆಯನ್ನು ಆಕ್ಷೇಪಿಸಿದರು.